ಹಳೆ ಕಾರಿನ ಸೈಲೆನ್ಸರ್ ಒಡೆದರೆ: ಯಾವ ರಿಪೇರಿ ಅಗ್ಗ, ಯಾವುದು ಜೀವಕ್ಕೆ ಕುತ್ತು?

ಸುಬಹಿ ಬಾಂಗ್ ಆಗುವ ಮೊದಲೇ ಹಳೆ ಓಮ್ನಿ ಸ್ಟಾರ್ಟ್ ಆಯಿತೆಂದರೆ ಆಚೆ ಈಚೆ ನಾಲ್ಕು ಮನೆಯ ಮಕ್ಕಳು ಎದ್ದು ಅಳಲು ಶುರು. "ಕಾಕಾ, ಸೈಲೆನ್ಸರ್ ಹೋಗಿದೆ ಅಲ್ವಾ?" ಎಂದು ಪಕ್ಕದ ಮನೆಯ ಹುಡುಗ ಕೇಳಿದರೆ, "ಹೋಗಲಿ ಬಿಡು ಮಾರಾಯ, ಗಾಡಿ ಓಡ್ತದಲ್ಲ" ಎಂಬ ಉತ್ತರ. ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಕಾಸರಗೋಡಿನವರೆಗೆ ಇಂಥ ಗಾಡಿಗಳಿಗೆ ಬರ ಇಲ್ಲ. ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ ನಿಂತಿತು. ಆದರೂ ಮೀನು, ಹಣ್ಣು, ಬಟ್ಟೆ, ಗುಜರಿ ವ್ಯಾಪಾರದವರ ಹೊಟ್ಟೆಪಾಡು ಇವತ್ತಿಗೂ ಇದೇ ಗಾಡಿಗಳ ಮೇಲೆ ನಡೆಯುತ್ತಿದೆ.

ಗಾಡಿ ಓಡುತ್ತದೆ, ನಿಜ. ಆದರೆ ಒಡೆದ ಸೈಲೆನ್ಸರ್ ಬರೀ ಶಬ್ದದ ವಿಷಯ ಅಲ್ಲ. ಹಿಂದಿನಿಂದ ಹೊರಗೆ ಹೋಗಬೇಕಾದ ಹೊಗೆ ಕಾರಿನ ಅಡಿಯಲ್ಲೇ ಸೋರಲು ಶುರುವಾದರೆ ಅದು ಒಳಗೆ ಕುಳಿತವರ ಉಸಿರಿಗೂ ಸೇರಬಹುದು. ಸಮಾಧಾನದ ಸಂಗತಿ ಏನೆಂದರೆ, ಇದರ ಹೆಚ್ಚಿನ ರಿಪೇರಿಗಳು ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತವೆ. ಯಾವುದು ಕಡಿಮೆಯಲ್ಲಿ ಆಗುತ್ತದೆ, ಯಾವುದರಲ್ಲಿ ಕೈ ಬಿಗಿ ಹಿಡಿಯಬಾರದು ಎಂಬುದು ಗೊತ್ತಿದ್ದರೆ ಸಾಕು.

ಸೈಲೆನ್ಸರ್ ಅಂದರೆ ಡಬ್ಬ ಮಾತ್ರ ಅಲ್ಲ

ನಾವು ಎಲ್ಲವನ್ನೂ ಒಟ್ಟಿಗೆ 'ಸೈಲೆನ್ಸರ್' ಎನ್ನುತ್ತೇವೆ. ನಿಜವಾಗಿ ಇದು ಇಂಜಿನ್‌ನಿಂದ ಹಿಂದಿನ ಬಂಪರ್‌ವರೆಗಿನ ಒಂದು ಸಾಲು. ಇಂಜಿನ್‌ಗೆ ಅಂಟಿಕೊಂಡಿರುವುದು ಮ್ಯಾನಿಫೋಲ್ಡ್, ಸಾಮಾನ್ಯವಾಗಿ ಬೀಡು ಕಬ್ಬಿಣದ್ದು. ಅದರ ನಂತರ ಮುಂದಿನ ಪೈಪ್, ಕೆಲವು ಕಾರುಗಳಲ್ಲಿ ಇಂಜಿನ್ ಅಲುಗಾಟ ತಡೆದುಕೊಳ್ಳುವ ಜಾಲರಿಯ ಫ್ಲೆಕ್ಸಿಬಲ್ ಪೈಪ್. ನಂತರ ಕ್ಯಾಟಲಿಟಿಕ್ ಕನ್ವರ್ಟರ್, ಗ್ಯಾರೇಜ್ ಭಾಷೆಯಲ್ಲಿ 'ಕ್ಯಾಟ್'. ಭಾರತದಲ್ಲಿ ಇದು 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಮೊದಲು ಕಡ್ಡಾಯವಾಯಿತು. ಹಾಗಾಗಿ ತುಂಬ ಹಳೆಯ ಗಾಡಿಗಳಲ್ಲಿ ಇದು ಇಲ್ಲದಿರಬಹುದು. ಕೊನೆಗೆ ನಡುವಿನ ಪೈಪ್, ಶಬ್ದ ತಗ್ಗಿಸುವ ಡಬ್ಬ, ಬಾಲದ ಪೈಪ್. ಇಷ್ಟನ್ನೂ ಕಾರಿನ ಅಡಿಗೆ ತೂಗು ಹಾಕಿರುವುದು ನಾಲ್ಕೈದು ರಬ್ಬರ್ ಹ್ಯಾಂಗರ್‌ಗಳು.

ಎಲ್ಲಿ ಒಡೆದಿದೆ ಎಂಬುದರ ಮೇಲೆ ಖರ್ಚು ಮತ್ತು ಅಪಾಯ ಎರಡೂ ನಿಂತಿವೆ. ಹಿಂದೆ ಒಡೆದರೆ ಶಬ್ದ ಜಾಸ್ತಿ, ಅಪಾಯ ಸ್ವಲ್ಪ ಕಡಿಮೆ. ಮುಂದೆ, ಇಂಜಿನ್ ಹತ್ತಿರ ಒಡೆದರೆ ಅಪಾಯ ಜಾಸ್ತಿ. ಓಮ್ನಿಯಲ್ಲಂತೂ ಇಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಅಲ್ಲಿ ಸೋರಿದರೆ ಹೊಗೆಗೂ ಡ್ರೈವರ್‌ಗೂ ನಡುವೆ ಇರುವುದು ಒಂದು ತಗಡು, ಒಂದು ಮ್ಯಾಟ್ ಮಾತ್ರ.

ನಮ್ಮ ಕಡೆ ಇಷ್ಟು ಬೇಗ ತುಕ್ಕು ಯಾಕೆ?

ಕಡಲ ಕರೆಯ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ರಸ್ತೆಯ ಕೆಸರು. ಇವು ಹೊರಗಿನಿಂದ ತಿನ್ನುತ್ತವೆ. ಆದರೆ ಸೈಲೆನ್ಸರ್ ಡಬ್ಬ ಹೆಚ್ಚಾಗಿ ಹಾಳಾಗುವುದು ಒಳಗಿನಿಂದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ದೂರ ಓಡಿದ ಗಾಡಿಯಲ್ಲಿ ಪೈಪ್ ಬಿಸಿಯಾಗಿ ಈ ಆವಿ ಹೊರಗೆ ಹೋಗುತ್ತದೆ. ಮನೆಯಿಂದ ಮಸೀದಿ, ಮಸೀದಿಯಿಂದ ಅಂಗಡಿ, ಹೀಗೆ ಎರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಡಬ್ಬ ಬಿಸಿಯೇ ಆಗುವುದಿಲ್ಲ. ಆವಿ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಹೊಗೆಯ ಆಮ್ಲವೂ ಅದಕ್ಕೆ ಸೇರಿ ತಗಡನ್ನು ತಿನ್ನುತ್ತದೆ. ಗಲ್ಫ್‌ನಿಂದ ರಜೆಗೆ ಬಂದಾಗ ಮಾತ್ರ ಹೊರತೆಗೆಯುವ, ಉಳಿದ ಹನ್ನೊಂದು ತಿಂಗಳು ಶೆಡ್ಡಿನಲ್ಲಿ ನಿಲ್ಲುವ ಕಾರುಗಳ ಸೈಲೆನ್ಸರ್ ಬೇಗ ಹೋಗುವುದಕ್ಕೂ ಇದೇ ಒಂದು ಕಾರಣ. "ಬ್ಯಾಟರಿ ಹೋಗದ ಹಾಗೆ ಐದು ನಿಮಿಷ ಸ್ಟಾರ್ಟ್ ಮಾಡಿಡು" ಎಂದು ಫೋನಿನಲ್ಲಿ ಹೇಳುವುದರಿಂದ ಸೈಲೆನ್ಸರ್‌ಗೆ ಉಪಕಾರ ಇಲ್ಲ. ವಾರಕ್ಕೊಮ್ಮೆ ಹತ್ತು ಹದಿನೈದು ಕಿಲೋಮೀಟರ್ ಓಡಿಸುವುದೇ ಸರಿ.

ಬೆಳಿಗ್ಗೆ ಬಾಲದ ಪೈಪಿನಿಂದ ನಾಲ್ಕು ಹನಿ ನೀರು ಬಿದ್ದರೆ ಹೆದರಬೇಕಾಗಿಲ್ಲ, ಅದು ಸಹಜ. ಅನೇಕ ಡಬ್ಬಗಳ ತಳದಲ್ಲಿ ನೀರು ಇಳಿಯಲೆಂದೇ ಕಂಪೆನಿಯವರು ಒಂದು ಸಣ್ಣ ತೂತು ಇಟ್ಟಿರುತ್ತಾರೆ. ಅದನ್ನು ಸೋರಿಕೆ ಎಂದು ತಿಳಿದು ವೆಲ್ಡ್ ಮಾಡಿಸಿದರೆ ಡಬ್ಬದ ಆಯುಷ್ಯ ಕಡಿಮೆ ಮಾಡಿದ ಹಾಗೆ.

ಶಬ್ದಕ್ಕಿಂತ ದೊಡ್ಡದು ಹೊಗೆ

ಪೆಟ್ರೋಲ್ ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದು ಅಂಟಿಕೊಳ್ಳುತ್ತದೆ. ಹಾಗಾಗಿ ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ಮತ್ತೆ ತಲೆ ಸುತ್ತು, ವಾಕರಿಕೆ, ಆಮೇಲೆ ಜೋಂಪು. ನಿದ್ದೆಯಲ್ಲಿ ಇದ್ದವರಿಗೆ ಈ ಯಾವ ಎಚ್ಚರಿಕೆಯೂ ಗೊತ್ತಾಗುವುದಿಲ್ಲ. ಮಕ್ಕಳು, ಗರ್ಭಿಣಿಯರು, ಹೃದಯದ ಕಾಯಿಲೆ ಇರುವ ಹಿರಿಯರಿಗೆ ಅಪಾಯ ಇನ್ನೂ ಹೆಚ್ಚು.

ನಮ್ಮವರ ಜೀವನದಲ್ಲಿ ಇದು ಎದುರಾಗುವ ಮೂರು ಸಂದರ್ಭಗಳನ್ನು ಗಮನಿಸಬೇಕು.

ಒಂದು, ಆಸ್ಪತ್ರೆಯ ರಾತ್ರಿ. ಕಾಸರಗೋಡು ಜಿಲ್ಲೆಯವರು ದೊಡ್ಡ ಕಾಯಿಲೆಗೆ ತಲಪಾಡಿ ದಾಟಿ ದೇರಳಕಟ್ಟೆಗೋ ಮಂಗಳೂರಿಗೋ ಹೋಗುವುದು ಹೊಸದಲ್ಲ. ರೋಗಿಯ ಜೊತೆ ವಾರ್ಡಿನಲ್ಲಿ ಒಬ್ಬರಿಗೆ ಮಾತ್ರ ಜಾಗ. ಉಳಿದವರು ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಮಲಗುತ್ತಾರೆ. ಸೆಕೆ, ಸೊಳ್ಳೆ ಎಂದು ಗ್ಲಾಸ್ ಏರಿಸಿ ಇಂಜಿನ್ ಚಾಲೂ ಇಟ್ಟು ಎಸಿ ಹಾಕುತ್ತಾರೆ. ನಿಂತ ಗಾಡಿಯ ಅಡಿಯಲ್ಲಿ ಸೋರಿದ ಹೊಗೆ ಗಾಳಿಗೆ ಹೋಗದೆ ಅಲ್ಲೇ ತುಂಬುತ್ತದೆ. ಸೈಲೆನ್ಸರ್ ಸರಿ ಇರುವ ಕಾರಿನಲ್ಲೂ ಹೀಗೆ ಮಲಗುವುದು ತಪ್ಪು. ಒಡೆದ ಸೈಲೆನ್ಸರಿನ ಕಾರಿನಲ್ಲಿ ಅದು ಜೀವದ ಜೊತೆ ಆಟ.

ಎರಡು, ಹಿಂದಿನ ಬಾಗಿಲು ತೆರೆದು ಓಡಿಸುವುದು. ಉದ್ದದ ಪೈಪ್, ತಗಡಿನ ಶೀಟ್, ಮದುವೆ ಮನೆಯ ಪಾತ್ರೆ ತುಂಬಿ ಹಿಂಬಾಗಿಲನ್ನು ಹಗ್ಗದಲ್ಲಿ ಕಟ್ಟಿ ಹೊರಡುವುದುಂಟು. ಓಡುವ ಗಾಡಿಯ ಹಿಂದೆ ಗಾಳಿ ಸುಳಿಯಾಗಿ ತಿರುಗಿ, ಹೊಗೆಯನ್ನು ಅದೇ ಬಾಗಿಲಿನಿಂದ ಒಳಗೆ ಎಳೆಯುತ್ತದೆ. ಸಾಮಾನಿನ ಪಕ್ಕದಲ್ಲಿ ಮಕ್ಕಳು ಕೂತಿದ್ದರೆ ಮೊದಲು ಕುಡಿಯುವುದು ಅವರೇ.

ಮೂರು, ಮುಚ್ಚಿದ ಶೆಡ್. ಮಳೆಗೆ ಟಾರ್ಪಾಲು ಇಳಿಸಿದ ಪೋರ್ಟಿಕೋದಲ್ಲಿ ಇಂಜಿನ್ ಚಾಲೂ ಇಟ್ಟು ರಿಪೇರಿ ಮಾಡುವುದು. ಕಾರಿನ ಅಡಿ ಮಲಗಿದವನ ಮುಖ ಹೊಗೆ ಬರುವ ಜಾಗದಲ್ಲೇ ಇರುತ್ತದೆ.

ಕಾರಿನಲ್ಲಿ ಪ್ರಯಾಣ ಮಾಡುವಾಗ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ತಲೆನೋವು, ವಾಂತಿ ಬಂದ ಹಾಗೆ ಆದರೆ 'ಘಾಟಿ ರಸ್ತೆ', 'ಊಟ ಆಗಲಿಲ್ಲ' ಎಂದು ಸುಮ್ಮನಾಗಬಾರದು. ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಎಲ್ಲರನ್ನೂ ಹೊರಗೆ ಗಾಳಿಗೆ ಇಳಿಸಬೇಕು. ಯಾರಾದರೂ ಮಂಪರಿನಲ್ಲಿದ್ದರೆ ಕೂಡಲೇ ಆಸ್ಪತ್ರೆಗೆ ಸೇರಿಸಿ, ಕಾರಿನ ಹೊಗೆ ಕುಡಿದಿರಬಹುದು ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ಎಲ್ಲಿ ಒಡೆದಿದೆ? ಮನೆಯಲ್ಲೇ ನೋಡಿ

ಇಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ ನೋಡಬೇಕು. ಸ್ಟಾರ್ಟ್ ಮಾಡಿದ ಕೂಡಲೇ, ಪೈಪ್ ಬಿಸಿಯಾಗುವ ಮೊದಲು ಒಬ್ಬರು ದಪ್ಪ ಒದ್ದೆ ಬಟ್ಟೆಯಿಂದ ಬಾಲದ ಪೈಪನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಲಿ. ಇನ್ನೊಬ್ಬರು ಪಕ್ಕದಲ್ಲಿ ಬಗ್ಗಿ ಕೇಳಲಿ. ತೂತು ಇದ್ದ ಕಡೆಯಿಂದ 'ಬುಸ್' ಎಂದು ಗಾಳಿ ಬರುತ್ತದೆ. ಜಾಯಿಂಟ್‌ಗಳ ಮೇಲೆ ಸೋಪಿನ ನೀರು ಹಾಕಿದರೆ ಗುಳ್ಳೆ ಏಳುತ್ತದೆ. ಸೋರುವ ಜಾಗದ ಸುತ್ತ ಕಪ್ಪು ಮಸಿ ಹಿಡಿದಿರುವುದೂ ಒಂದು ಗುರುತು.

ಶಬ್ದವೂ ಸುಳಿವು ಕೊಡುತ್ತದೆ. ಬೆಳಿಗ್ಗೆ 'ಟಿಕ್ ಟಿಕ್' ಎಂದು ಬಡಿದು, ಬಿಸಿಯಾದ ಮೇಲೆ ಕಡಿಮೆಯಾದರೆ ಮ್ಯಾನಿಫೋಲ್ಡ್ ಬಿರುಕು ಅಥವಾ ಅದರ ಪ್ಯಾಕಿಂಗ್ ಹೋಗಿರಬಹುದು. ಹೊಂಡಕ್ಕೆ ಬಿದ್ದಾಗ 'ಟಣ್' ಎಂದರೆ ರಬ್ಬರ್ ಹ್ಯಾಂಗರ್. ಡಬ್ಬ ಕೈಯಲ್ಲಿ ತಟ್ಟಿದಾಗ ಒಳಗೆ ಗಲಗಲ ಎಂದರೆ ಒಳಗಿನ ತಗಡು ಕಳಚಿದೆ, ಅದಕ್ಕೆ ತೇಪೆ ಹಾಕಿ ಪ್ರಯೋಜನ ಇಲ್ಲ.

ಅಡಿಗೆ ಹೋಗುವ ಮೊದಲು ಒಂದು ಮಾತು: ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ನುಗ್ಗಬಾರದು. ನಮ್ಮಲ್ಲಿ ಕೈಗೆ ಸಿಗುವುದು ಕೆಂಪು ಕಲ್ಲು. ಅದನ್ನೇ ಒಂದರ ಮೇಲೊಂದು ಇಟ್ಟು ಕಾರು ನಿಲ್ಲಿಸುತ್ತಾರೆ. ಗೋಡೆಗೆ ಗಟ್ಟಿಯಾದ ಈ ಕಲ್ಲು ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಸೀಳುತ್ತದೆ. ಸಿಮೆಂಟಿನ ಟೊಳ್ಳು ಬ್ಲಾಕೂ ಹಾಗೆಯೇ. ಗ್ಯಾರೇಜಿನ ಸ್ಟ್ಯಾಂಡ್ ತಂದು ಇಡಬೇಕು, ಇಲ್ಲವೇ ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ ನೋಡಬೇಕು.

ಕಡಿಮೆ ಖರ್ಚಿನಲ್ಲಿ ಏನೇನು ಆಗುತ್ತದೆ?

ರಬ್ಬರ್ ಹ್ಯಾಂಗರ್: ಎಲ್ಲಕ್ಕಿಂತ ಅಗ್ಗದ ಕೆಲಸ. ಒಂದು ರಬ್ಬರ್ ತುಂಡಾದರೆ ಇಡೀ ಭಾರ ಉಳಿದ ಜಾಯಿಂಟ್‌ಗಳ ಮೇಲೆ ಬಿದ್ದು ಪೈಪ್ ಬಿರಿಯುತ್ತದೆ. ದಾರಿಯಲ್ಲಿ ತುಂಡಾದರೆ ಕಟ್ಟುವ ತಂತಿಯಿಂದ ಕಟ್ಟಿ ಮನೆ ತಲುಪಬಹುದು. ಪ್ಲಾಸ್ಟಿಕ್ ಹಗ್ಗ ಕರಗುತ್ತದೆ. ಆದರೆ ತಂತಿಯಲ್ಲೇ ವರ್ಷಗಟ್ಟಲೆ ಓಡಿಸಬಾರದು. ತಂತಿಗೆ ರಬ್ಬರಿನ ಹಾಗೆ ಎಳೆತ ಇಲ್ಲ, ಅಲುಗಾಟವೆಲ್ಲ ವೆಲ್ಡಿಂಗ್‌ಗೆ ಹೋಗಿ ಅಲ್ಲಿ ಒಡೆಯುತ್ತದೆ.

ಪ್ಯಾಕಿಂಗ್ ಮತ್ತು ಬೋಲ್ಟ್: ಎರಡು ಪೈಪ್ ಸೇರುವಲ್ಲಿ ಸೋರಿದರೆ ಪ್ಯಾಕಿಂಗ್ ಬದಲಿಸಿದರೆ ಸಾಕು. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಬೇಕು. ಒಮ್ಮೆಲೇ ತಿರುಗಿಸಿದರೆ ಬೋಲ್ಟ್ ತುಂಡಾಗಿ ನೂರು ರೂಪಾಯಿಯ ಕೆಲಸ ಐನೂರಕ್ಕೆ ಹೋಗುತ್ತದೆ.

ಪೈಪಿನಲ್ಲಿ ಸಣ್ಣ ತೂತು: ಆಟೋ ಪಾರ್ಟ್ಸ್ ಅಂಗಡಿಯಲ್ಲಿ ಸೈಲೆನ್ಸರ್‌ಗೆಂದೇ ಶಾಖ ತಡೆಯುವ ಪೇಸ್ಟ್ ಸಿಗುತ್ತದೆ. ವೈರ್ ಬ್ರಷ್ ಹಾಕಿ ಹೊಳೆಯುವ ಲೋಹ ಕಾಣುವವರೆಗೆ ತುಕ್ಕು ತೆಗೆದು, ಪೇಸ್ಟ್ ತುಂಬಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಬೇಕು. ಅದರ ಮೇಲೆ ತಗಡಿನ ಪಟ್ಟಿ ಸುತ್ತಿ ಎರಡು ಬದಿ ಸ್ಟೀಲ್ ಹೋಸ್ ಕ್ಲಾಂಪ್ ಬಿಗಿದರೆ ಕೆಲವು ತಿಂಗಳು ಬಾಳುತ್ತದೆ. ಪಟ್ಟಿಗೆ ಗಲ್ಫ್‌ನಿಂದ ಬಂದ ಹಾಲಿನ ಪುಡಿಯ ತಗಡಿನ ಡಬ್ಬವೇ ಆದೀತು. ನೀರಿನ ಪೈಪಿಗೆ ಹಾಕುವ ಸಾದಾ ಎಪಾಕ್ಸಿ ಮಾತ್ರ ಬೇಡ, ಈ ಶಾಖಕ್ಕೆ ಅದು ಪುಡಿಯಾಗುತ್ತದೆ. ಪೇಸ್ಟ್ ಸಣ್ಣ ತೂತಿಗೆ ಮಾತ್ರ. ಬೆರಳು ತೂರುವಷ್ಟು ದೊಡ್ಡದಾದರೆ ವೆಲ್ಡಿಂಗ್ ಬೇಕು.

ಪೈಪ್ ನಡುವೆ ತುಂಡಾದರೆ: ಅದರ ಹೊರಗೆ ಸರಿಯಾಗಿ ಕೂರುವ ಸ್ವಲ್ಪ ದೊಡ್ಡ ಪೈಪಿನ ತುಂಡು ಹಾಕಿ ಎರಡು ಬದಿ ಯು ಬೋಲ್ಟ್ ಬಿಗಿಯಬಹುದು. ವೆಲ್ಡಿಂಗ್ ಇಲ್ಲದೆಯೂ ಇದು ಚೆನ್ನಾಗಿ ನಿಲ್ಲುತ್ತದೆ.

ಡಬ್ಬದ ಹೊಲಿಗೆ ಬಿಟ್ಟರೆ: ಮೊದಲು ಸ್ಕ್ರೂಡ್ರೈವರ್‌ನಿಂದ ಸುತ್ತಲೂ ಒತ್ತಿ ನೋಡಬೇಕು. ತಗಡು ಗಟ್ಟಿ ಇದ್ದರೆ ತೇಪೆ ವೆಲ್ಡಿಂಗ್ ಲಾಭ. ಒತ್ತಿದಲ್ಲಿ ಒಳಗೆ ಹೋದರೆ ವೆಲ್ಡರ್ ಎಷ್ಟು ಜಾಣನಾದರೂ ಕಡ್ಡಿ ಹಿಡಿಯಲು ಲೋಹವೇ ಇರುವುದಿಲ್ಲ. ತೆಳು ತಗಡಿಗೆ ಸಾದಾ ಆರ್ಕ್ ವೆಲ್ಡಿಂಗ್ ಹಿಡಿದರೆ ತೂತು ದೊಡ್ಡದಾಗುವುದೇ ಹೆಚ್ಚು. ಗ್ಯಾಸ್ ಅಥವಾ ಸಿಓಟು ವೆಲ್ಡಿಂಗ್ ಇರುವ ಕಡೆ ಹೋಗುವುದು ಒಳ್ಳೆಯದು. ಜಿಐ ಶೀಟಿನ ತುಂಡು ತೇಪೆಗೆ ಬೇಡ. ಅದರ ಸತುವಿನ ಹೊಗೆ ಕುಡಿದ ವೆಲ್ಡರ್‌ಗೆ ಅವತ್ತು ರಾತ್ರಿ ಚಳಿ ಜ್ವರ ಬರಬಹುದು.

ಸೈಲೆನ್ಸರ್ ಕಳಚಿ ಕೆಳಗಿಟ್ಟು ವೆಲ್ಡ್ ಮಾಡಿಸುವುದೇ ಸುರಕ್ಷಿತ. ಪೆಟ್ರೋಲ್ ಟ್ಯಾಂಕ್, ಅದರ ಪೈಪ್ ಹತ್ತಿರವೇ ಇರುತ್ತದೆ, ಎಲ್‌ಪಿಜಿ ಕಿಟ್ ಹಾಕಿದ ಓಮ್ನಿಯಾದರೆ ಹೇಳುವುದೇ ಬೇಡ. ಗಾಡಿಯ ಮೇಲೇ ವೆಲ್ಡ್ ಮಾಡಲೇಬೇಕಾದರೆ ಬ್ಯಾಟರಿಯ ನೆಗೆಟಿವ್ ವೈರ್ ತೆಗೆದಿಡಬೇಕು. ಇಲ್ಲದಿದ್ದರೆ ಕಾರಿನ ಕಂಪ್ಯೂಟರ್ ಸುಟ್ಟು, ಉಳಿಸಿದ್ದಕ್ಕಿಂತ ಹತ್ತು ಪಟ್ಟು ಕಳೆದುಕೊಳ್ಳಬಹುದು.

ಫ್ಲೆಕ್ಸಿಬಲ್ ಪೈಪ್: ಜಾಲರಿ ಹರಿದರೆ ತೇಪೆ ನಿಲ್ಲುವುದಿಲ್ಲ. ಇಡೀ ಸೈಲೆನ್ಸರ್ ಬದಲಿಸಬೇಕು ಎಂದರೆ ಒಪ್ಪಬೇಕಾಗಿಲ್ಲ. ಅಳತೆಗೆ ಸರಿಯಾದ ತುಂಡು ಬಿಡಿಯಾಗಿ ಸಿಗುತ್ತದೆ, ಕತ್ತರಿಸಿ ವೆಲ್ಡ್ ಮಾಡಬಹುದು. ಆದರೆ ಇಂಜಿನ್ ಮೌಂಟಿಂಗ್ ರಬ್ಬರ್ ಹೋಗಿದೆಯೇ ಎಂದೂ ನೋಡಿಸಬೇಕು. ಇಂಜಿನ್ ಅಲುಗಾಡುತ್ತಿದ್ದರೆ ಹೊಸ ಪೈಪೂ ಹರಿಯುತ್ತದೆ.

ಮ್ಯಾನಿಫೋಲ್ಡ್ ಬಿರುಕು: ಇಲ್ಲಿ ಪೇಸ್ಟ್, ತಗಡು ಯಾವುದೂ ಬೇಡ. ಬೀಡು ಕಬ್ಬಿಣದ ವೆಲ್ಡಿಂಗ್ ಎಲ್ಲರ ಕೈಯ ಕೆಲಸ ಅಲ್ಲ, ಮಾಡಿದರೂ ಪಕ್ಕದಲ್ಲಿ ಮತ್ತೆ ಬಿರಿಯುತ್ತದೆ. ಅಗ್ಗದ ದಾರಿ ಗುಜರಿ. ಮಾರುತಿ ಗಾಡಿಗಳ ಹಳೆ ಮ್ಯಾನಿಫೋಲ್ಡ್ ಗುಜರಿಯಲ್ಲಿ ಹುಡುಕಿದರೆ ಸಿಗುತ್ತದೆ. ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಹೊಸ ಪ್ಯಾಕಿಂಗ್ ಹಾಕಿಸಿದರೆ ಆಯಿತು. ಸೈಲೆನ್ಸರ್ ಡಬ್ಬವನ್ನು ಮಾತ್ರ ಗುಜರಿಯಿಂದ ತರುವಾಗ ಯೋಚಿಸಬೇಕು. ಹೊರಗೆ ಬಣ್ಣ ಹೊಡೆದರೂ ಒಳಗಿನ ತುಕ್ಕು ಹಾಗೇ ಇರುತ್ತದೆ. ಕೈಯಲ್ಲಿ ಎತ್ತಿ ಕುಲುಕಿ ನೋಡಿಯೇ ತರಬೇಕು.

'ಫ್ರೀ' ರಿಪೇರಿಯ ಒಳಗುಟ್ಟು

"ಕ್ಯಾಟ್ ಬ್ಲಾಕ್ ಆಗಿದೆ, ತೆಗೆದು ನೇರ ಪೈಪ್ ಹಾಕಿ ಕೊಡ್ತೇನೆ, ದುಡ್ಡು ಬೇಡ" ಎಂದು ಯಾರಾದರೂ ಹೇಳಿದರೆ ಎಚ್ಚರ. ಕ್ಯಾಟ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳು ಸಣ್ಣ ಪ್ರಮಾಣದಲ್ಲಿ ಇರುತ್ತವೆ. ಗುಜರಿ ವ್ಯಾಪಾರ ಗೊತ್ತಿದ್ದವರಿಗೆ ಅದರ ರೇಟೂ ಗೊತ್ತು. ಪೈಪಿನ ತುಂಡೊಂದನ್ನು ಕೊಟ್ಟು ಅದನ್ನು ಇಟ್ಟುಕೊಂಡರೆ ಲಾಭ ಯಾರಿಗೆ ಎಂದು ಲೆಕ್ಕ ಹಾಕಬಹುದು. ಮೇಲಾಗಿ ಕ್ಯಾಟ್ ಇದ್ದ ಕಾರಿನಿಂದ ಅದನ್ನು ತೆಗೆದರೆ ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು.

ಶಬ್ದಕ್ಕಾಗಿಯೇ ಡಬ್ಬದ ಒಳಗಿನ ತಗಡು ತೆಗೆಸುವ ಹುಡುಗರಿಗೂ ಒಂದು ಮಾತು. ವಾಹನಕ್ಕೆ ಶಬ್ದ ತಗ್ಗಿಸುವ ಸೈಲೆನ್ಸರ್ ಇರಲೇಬೇಕು ಎಂಬುದು ಕೇಂದ್ರ ಮೋಟಾರು ವಾಹನ ನಿಯಮ. 2019ರ ತಿದ್ದುಪಡಿಯ ನಂತರ ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅನುಮತಿ ಇಲ್ಲದೆ ಗಾಡಿಯ ರಚನೆ ಬದಲಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೇರೆ ಉಂಟು. ತಲಪಾಡಿಯ ಆಚೆಗೂ ಈಚೆಗೂ ಕಾನೂನು ಒಂದೇ.

ಸೋರಿಕೆಯಿಂದ ಪೆಟ್ರೋಲಿಗೂ ಹೊಡೆತ. ಮುಂದಿನ ಪೈಪಿನ ತೂತಿನಿಂದ ಹೊರಗಿನ ಗಾಳಿ ಒಳಗೆ ಹೋದರೆ ಆಕ್ಸಿಜನ್ ಸೆನ್ಸರ್ ಮೋಸ ಹೋಗುತ್ತದೆ. ಪೆಟ್ರೋಲ್ ಸಾಲುತ್ತಿಲ್ಲ ಎಂದು ತಿಳಿದು ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಇಳಿಯುತ್ತದೆ.

ತೇಪೆಯೋ, ಹೊಸತೋ? ಲೆಕ್ಕ ಹೀಗೆ

ಉದಾಹರಣೆಗೆ, ತೇಪೆಗೆ 400 ರೂಪಾಯಿ ತಗಲಿ ಅದು ಮೂರು ತಿಂಗಳು ನಿಂತರೆ ತಿಂಗಳಿಗೆ ಸುಮಾರು 133 ರೂಪಾಯಿ ಬಿತ್ತು. ಹೊಸ ಡಬ್ಬಕ್ಕೆ 2,400 ರೂಪಾಯಿ ಕೊಟ್ಟು ಅದು ನಾಲ್ಕು ವರ್ಷ ಬಂದರೆ ತಿಂಗಳಿಗೆ 50 ರೂಪಾಯಿ. ನೋಡಲು ತೇಪೆ ಅಗ್ಗ, ಕೂಡಿಸಿದರೆ ದುಬಾರಿ. ಆದರೆ ಗಾಡಿಯ 15 ವರ್ಷದ ನೋಂದಣಿ ಆರು ತಿಂಗಳಲ್ಲಿ ಮುಗಿಯುವುದಿದ್ದು, ನವೀಕರಿಸುವ ಯೋಚನೆ ಇಲ್ಲದಿದ್ದರೆ ಲೆಕ್ಕ ತಿರುಗುತ್ತದೆ. ಎರಡು ತೇಪೆಗೆ 800 ರೂಪಾಯಿಯಲ್ಲಿ ಕೆಲಸ ಆಯಿತು. ಅವರವರ ಗಾಡಿಯ ಬೆಲೆ ಮತ್ತು ಉಳಿದ ಆಯುಷ್ಯ ಇಟ್ಟು ಇದೇ ಲೆಕ್ಕ ಹಾಕಬಹುದು. ಎರಡನೆಯ ತೇಪೆ ಹಾಕುವ ಹೊತ್ತಿಗೆ ಮೂರನೆಯದರ ಬಗ್ಗೆ ಯೋಚಿಸದೆ ಹೊಸತರ ಬೆಲೆ ಕೇಳುವುದು ಜಾಣತನ.

ಹಿಂದಿನ ಡಬ್ಬದಲ್ಲಿ ಹೀಗೆ ಲೆಕ್ಕ ನೋಡಬಹುದು. ಸೀಟಿನ ಅಡಿಯ ಸೋರಿಕೆಯಲ್ಲಿ ಮಾತ್ರ ಲೆಕ್ಕ ಬೇಡ. ಅದನ್ನು ಮೊದಲು ಸರಿ ಮಾಡಿಸಿ ಆಮೇಲೆ ಮನೆಯವರನ್ನು ಕೂರಿಸಬೇಕು. ಅಲ್ಲಿಯವರೆಗೆ ಓಡಿಸಲೇಬೇಕಾದರೆ ಎಲ್ಲಾ ಗ್ಲಾಸ್ ಇಳಿಸಿ, ಹಿಂಬಾಗಿಲು ಮುಚ್ಚಿ, ಗ್ಯಾರೇಜಿನವರೆಗೆ ಒಬ್ಬರೇ ಓಡಿಸಲಿ.

ಇನ್ನು ಮಾರುವವರಿಗೆ. ಪೇಸ್ಟ್ ಮೆತ್ತಿ, ಕಪ್ಪು ಬಣ್ಣ ಹೊಡೆದು, "ಸೈಲೆನ್ಸರ್ ಪಕ್ಕಾ ಉಂಟು" ಎಂದು ಗಾಡಿ ದಾಟಿಸುವುದು ಸುಲಭ. ಸರಕಿನ ದೋಷ ಮುಚ್ಚಿಟ್ಟು ಮಾರಬಾರದು ಎಂಬುದು ದೀನ್ ಕಲಿಸಿದ ವ್ಯಾಪಾರದ ಮೊದಲ ಪಾಠ. ಇಲ್ಲಿ ಮುಚ್ಚಿಟ್ಟದ್ದು ಬರೀ ತಗಡಿನ ತೂತಲ್ಲ. ನಾಳೆ ಆ ಕಾರಿನಲ್ಲಿ ಯಾರದೋ ಉಮ್ಮ ಆಸ್ಪತ್ರೆಗೆ ಹೋಗಬಹುದು, ಯಾರದೋ ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಬಹುದು. "ಇಂಥ ಕಡೆ ತೇಪೆ ಹಾಕಿದೆ, ನೋಡಿಕೊಳ್ಳಿ" ಎಂದು ಹೇಳಿದರೆ ಬೆಲೆಯಲ್ಲಿ ಒಂದೆರಡು ಸಾವಿರ ಇಳಿಯಬಹುದು. ಆದರೆ ಆ ದುಡ್ಡು ಹಲಾಲ್ ಆಗಿರುತ್ತದೆ, ತೆಗೆದುಕೊಂಡವನ ಮನೆಯವರು ಸುರಕ್ಷಿತವಾಗಿ ಇರುತ್ತಾರೆ.